ಆಲ್ಡಿ ಡೈರಿ – 31: ಐದು ಮೂಟೆಯ ಗಾಡಿ



ಕಳೆದ ವಾರ ಒಂದು ಫೋಟೋ ಹಾಕಿದ್ದೆ. ಪುಟ್ಟ ಬಿಳಿ ಗಾಡಿ, ಅದರ ಹಿಂಬಾಗಿಲಲ್ಲಿ ಅಮ್ಮ ಕಾಲು ಇಳಿಬಿಟ್ಟು ಕೂತು ಕಾಫಿ ಕುಡಿಯುತ್ತಿದ್ದಾರೆ. ಆ ಫೋಟೋಗೆ ಬಂದಷ್ಟು ಪ್ರಶ್ನೆ ಹಿಂದಿನ ಮೂವತ್ತು ಕಂತುಗಳಲ್ಲಿ ಯಾವುದಕ್ಕೂ ಬಂದಿಲ್ಲ. "ಅದು ಟಾಟಾ ಏಸಾ?" "ಅಮೆರಿಕಕ್ಕೆ ಹೋಗಿ ಲಗೇಜ್ ಗಾಡಿ ಇಟ್ಕೊಂಡ್ಯಾ?" ಅಂತ ತರೀಕೆರೆಯ ಅರ್ಧ ಊರು ಕೇಳಿದೆ. ಚಿಕ್ಕಪ್ಪ ಅಂತೂ ಫೋನ್ ಮಾಡಿ, "ಡ್ಯೂಟಿ ಬಿಟ್ಟು ತರಕಾರಿ ವ್ಯಾಪಾರ ಶುರು ಮಾಡಿದ್ಯೇನಮ್ಮ" ಅಂದರು.

ಹಾಗಾಗಿ ಈ ಸಲ ಆಸ್ಪತ್ರೆ ಕಥೆ ಇಲ್ಲ, ಗಾಡಿ ಕಥೆ. ಸ್ವಲ್ಪ ಉದ್ದ ಇದೆ. ಊಟ ಮಾಡಿ ಕೂತ್ಕೊಳ್ಳಿ.

ಅದು ಟಾಟಾ ಏಸ್ ಅಲ್ಲ. 1997ರ ಸುಜುಕಿ ಕ್ಯಾರಿ. ಜಪಾನಿನಲ್ಲಿ ಇಂಥವಕ್ಕೆ ಕೇ ಟ್ರಕ್ ಅಂತಾರೆ. ಅಲ್ಲಿನ ಸರ್ಕಾರ ಚಿಕ್ಕ ಗಾಡಿಗಳಿಗೆ ಒಂದು ಅಳತೆ ಕಟ್ಟಿದೆ. ಅದರೊಳಗಿದ್ದರೆ ತೆರಿಗೆ ಕಡಿಮೆ. 1990ರಿಂದ ಎಂಜಿನ್ 660 ಸಿಸಿ ಮೀರಬಾರದು. ನಮ್ಮ ಗಾಡಿ ಹುಟ್ಟಿದ ಕಾಲಕ್ಕೆ ಉದ್ದ 3.3 ಮೀಟರ್, ಅಗಲ 1.4 ಮೀಟರ್, ಎತ್ತರ 2 ಮೀಟರ್ ಒಳಗೆ ಇರಬೇಕಿತ್ತು. 1998ರಲ್ಲಿ ಉದ್ದ, ಅಗಲ ಒಂದಿಷ್ಟು ಜಾಸ್ತಿ ಮಾಡಿದರು. ಹೊರೆ ಮಾತ್ರ 350 ಕೆ.ಜಿ. ಅಮ್ಮನಿಗೆ ಈ ಲೆಕ್ಕ ಹೇಳಿದಾಗ, "ಎಪ್ಪತ್ತು ಕೆಜಿ ಲೆಕ್ಕದಲ್ಲಿ ಐದು ಮೂಟೆ ಅಡಿಕೆ, ಅಷ್ಟೇ ತಾನೆ" ಅಂದರು. ಅಷ್ಟೇ. ಈ ಕಥೆಯೆಲ್ಲ ಆ ಐದು ಮೂಟೆಯದ್ದೇ.

ಹೊರದೇಶದ ಹಳೇ ಗಾಡಿ 25 ವರ್ಷ ತುಂಬಿದ ಮೇಲೆ ಇಲ್ಲಿನ ಸುರಕ್ಷತಾ ಮಾನದಂಡದಿಂದ ವಿನಾಯಿತಿ ಪಡೆದು ಅಮೆರಿಕಕ್ಕೆ ಬರಬಹುದು. ಹೊಸದು ಬರೋ ಹಾಗಿಲ್ಲ. ಇಲ್ಲಿ ಸಣ್ಣ ಟ್ರಕ್ ಕಾಣದೇ ಇರೋದಕ್ಕೆ ಇನ್ನೊಂದು ತಮಾಷೆ ಕಾರಣವೂ ಇದೆ. 1960ರ ದಶಕದಲ್ಲಿ ಯುರೋಪಿನವರು ಅಮೆರಿಕದ ಕೋಳಿ ಮೇಲೆ ಸುಂಕ ಹಾಕಿದರು ಅಂತ ಸಿಟ್ಟಾಗಿ ಇವರು 1964ರಿಂದ ಹೊರಗಿನ ಲಘು ಟ್ರಕ್ಕುಗಳ ಮೇಲೆ ಶೇ. 25 ಸುಂಕ ಹಾಕಿದರು. ಅದಕ್ಕೆ ಇವತ್ತಿಗೂ 'ಕೋಳಿ ಸುಂಕ' ಅಂತಲೇ ಹೆಸರು. ಕೋಳಿ ಜಗಳದಲ್ಲಿ ಟ್ರಕ್ ಸಿಕ್ಕಿಹಾಕಿಕೊಂಡಿತು.

ಗಾಡಿ ಹುಚ್ಚು ನಂದಲ್ಲ, ನಮ್ಮ ಮನೆಯವರದ್ದು. ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡೋರಿಗೆ ಸಂಜೆ ಏನಾದ್ರೂ ಕುಯ್ಯಬೇಕು, ಮೊಳೆ ಹೊಡೀಬೇಕು ಅನಿಸುತ್ತೆ. ಮೇ ತಿಂಗಳಲ್ಲಿ ವರ್ಜೀನಿಯಾದ ಇನ್ನೊಂದು ತುದಿಯಲ್ಲಿರೋ ಆಮದುದಾರರೊಬ್ಬರ ಹತ್ತಿರ ಹೋಗಿ 7,200 ಡಾಲರ್ ಕೊಟ್ಟು ಟ್ರೇಲರ್ ಮೇಲೆ ಇದನ್ನ ಹಾಕಿಸಿಕೊಂಡು ಬಂದರು. ನಾನು ನೈಟ್ ಡ್ಯೂಟಿ ಮುಗಿಸಿ ಬಂದು ನೋಡಿದರೆ ಮನೆ ಮುಂದೆ ಆಟದ ಸಾಮಾನಿನ ಥರ ನಿಂತಿದೆ. ಪಕ್ಕದ ಮನೆಯ ದೊಡ್ಡ ಪಿಕಪ್ ಎದುರು ಆನೆ ಪಕ್ಕ ಮೇಕೆ. "ಇದರಲ್ಲಿ ಮಲಗೋಕೆ ಒಂದು ಗೂಡು ಕಟ್ತೀನಿ, ಬೆಟ್ಟಕ್ಕೆ ಹೋಗೋಣ" ಅಂದರು. ನಂಗೆ ಬೇಕಾಗಿದ್ದು ನಿದ್ದೆ. ಹೂಂ ಅಂದೆ.

ಮೊದಲನೇ ಗೂಡು ಕೆಟ್ಟಿತು. ಇದನ್ನ ಬರೀಬೇಡ ಅಂದಿದ್ದಾರೆ, ಬರೀತಿದ್ದೀನಿ.

ಮನೆಯವರು ಮನೆ ಕಟ್ಟೋ ಹಾಗೇ ಕಟ್ಟಿದರು. 18 ಎಂಎಂ ಪ್ಲೈವುಡ್, ಒಳಗೆ ದಪ್ಪ ಮರದ ಚೌಕಟ್ಟು, ಡ್ರಾಯರ್, ಸಿಂಕ್. ನೋಡೋಕೆ ಚೆಂದ. ಆದರೆ ಆ ಪ್ಲೈವುಡ್ ಒಂದು ಹಾಳೆ ಸುಮಾರು 30 ಕೆ.ಜಿ. ತೂಗುತ್ತೆ, ಅಂಥವು ಎಂಟು ಹೋಗಿದ್ದವು. ಆಲ್ಡಿ ಮಿಲ್ ತನಕ ಒಂದು ಸುತ್ತು ಹೋಗೋಣ ಅಂತ ಹೊರಟೆವು. ಮಿಲ್ಲಿನ ಬಗ್ಗೆ ಹಿಂದೆ ಬರೆದಿದ್ದೆ, 1807–09ರಲ್ಲಿ ಕಟ್ಟಿದ್ದು, ಎರಡು ನೀರಿನ ಚಕ್ರ ಇದೆಯಲ್ಲ, ಅದೇ. ಸಣ್ಣ ಏರಿಗೂ ಗಾಡಿ ಎರಡನೇ ಗೇರಿಗೆ ಇಳೀತು. ಲೀಫ್ ಸ್ಪ್ರಿಂಗ್ ಚಪ್ಪಟೆಯಾಗಿ ಹೋಗಿತ್ತು. ವಾಪಸ್ ಬರುವಾಗ ಬ್ರೇಕಿನಿಂದ ಸುಟ್ಟ ವಾಸನೆ. ಮಾರನೇ ದಿನ ಲಾರಿಗಳು ತೂಗೋ ವೇಬ್ರಿಜ್ ಮೇಲೆ ನಿಲ್ಲಿಸಿದೆವು. 2,370 ಪೌಂಡ್ ಅಂತ ಚೀಟಿ ಬಂತು. 1,075 ಕೆ.ಜಿ. ಖಾಲಿ ಗಾಡಿ 690. ಅಂದರೆ ಬರೀ ಪೆಟ್ಟಿಗೆಯೇ 385 ಕೆ.ಜಿ! ಇನ್ನೂ ಹಾಸಿಗೆ ಇಲ್ಲ, ನೀರಿಲ್ಲ, ಮಲಗೋ ಮನುಷ್ಯರಿಲ್ಲ.

ಅದು ಎತ್ತರವೂ ಜಾಸ್ತಿಯಾಗಿ ಗ್ಯಾರೇಜಿನೊಳಗೆ ಹೋಗಲಿಲ್ಲ. ಹೊರಗೇ ನಿಂತಿತ್ತು. ಹದಿನೈದು ದಿನದಲ್ಲಿ ನಮ್ಮ ಬಡಾವಣೆಯ ಸಂಘದಿಂದ ಕಾಗದ ಬಂತು. ಮನೆ ಮುಂದೆ ಕ್ಯಾಂಪರ್ ನಿಲ್ಲಿಸೋ ಹಾಗಿಲ್ಲ, ತೆಗೀರಿ, ಇಲ್ಲ ದಂಡ. ಸ್ವಂತ ಮನೆ, ಸ್ವಂತ ಅಂಗಳ, ಆದರೂ ಬಾಗಿಲಿನ ಬಣ್ಣಕ್ಕೂ ಅವರ ಒಪ್ಪಿಗೆ ಬೇಕು. ಊರಲ್ಲಿ ನಮ್ಮ ಅಂಗಳದಲ್ಲಿ ಎಮ್ಮೆ ಕಟ್ಟಿದರೂ ಯಾರೂ ಕೇಳ್ತಿರಲಿಲ್ಲ. ಗೂಡನ್ನ ಬಿಚ್ಚಿ ಹಾಕಿದೆವು. ಮನೆಯವರು ಒಂದು ವಾರ ಗ್ಯಾರೇಜ್ ಕಡೆ ತಲೆ ಹಾಕಲಿಲ್ಲ. ಗಾಡಿ ಮಾರಿಬಿಡೋಣ ಅಂತ ಫೋಟೋ ಕೂಡ ತೆಗೆದಾಗಿತ್ತು.

ಅಷ್ಟರಲ್ಲಿ ಅಮ್ಮ ಬಂದರು.

ಅಪ್ಪ ಹೋದದ್ದು ನಿಮಗೆಲ್ಲ ಗೊತ್ತು. ಜನವರಿಯಲ್ಲಿ ನಾನು ಊರು ಮುಟ್ಟೋ ಹೊತ್ತಿಗೆ ಎಲ್ಲ ಮುಗಿದಿತ್ತು. ನೀವೆಲ್ಲ ನಿಂತು ಮಾಡಿದಿರಿ. ಅದರ ಬಗ್ಗೆ ಬರೆಯೋಕೆ ನನ್ನ ಕೈಲಿ ಇನ್ನೂ ಆಗಿಲ್ಲ. ಜುಲೈನಲ್ಲಿ ಅಮ್ಮನ್ನ ಆರು ತಿಂಗಳಿಗೆ ಕರೆಸಿಕೊಂಡೆ. ಬಂದವರು ರೂಮಿನಲ್ಲಿ ಪರದೆ ಎಳೆದು ಕೂತರು. ಊಟ ಆಯ್ತಾ ಅಂದರೆ ಆಯ್ತು. ಏನಾದ್ರೂ ಬೇಕಾ ಅಂದರೆ ಬೇಡ. ಕಾವೇರಿ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಕರೆದೆ, ತಲೆನೋವು ಅಂದರು. ನಾನು ರಾತ್ರಿ ಏಳರಿಂದ ಬೆಳಿಗ್ಗೆ ಏಳರ ಡ್ಯೂಟಿಯಲ್ಲಿ ಬ್ರೇಕ್ ಸಿಕ್ಕಾಗ ಮೂರು ಗಂಟೆಗೆ ಸುಮ್ಮನೆ ಫೋನ್ ಮಾಡುತ್ತಿದ್ದೆ. ಮೊದಲ ರಿಂಗಿಗೇ ಎತ್ತೋರು. ಎಚ್ಚರವೇ ಇರೋರು.

ಅಪ್ಪನ ಓಮ್ನಿಯಲ್ಲಿ ನಿಮ್ಮಲ್ಲಿ ಎಷ್ಟೋ ಜನ ಹತ್ತಿದ್ದೀರಿ. ಹಗಲು ಬಸ್ ಸ್ಟ್ಯಾಂಡಿನ ಬಾಡಿಗೆ. ರಾತ್ರಿ ಯಾರಾದರೂ ಬಾಗಿಲು ಬಡಿದರೆ ಹೆರಿಗೆ ನೋವಿನವರನ್ನೋ, ಎದೆನೋವಿನವರನ್ನೋ ಹಾಕಿಕೊಂಡು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ. ಹತ್ತನೇ ಕ್ಲಾಸಿನಲ್ಲಿ ಎರಡು ಮೂರು ಸಲ ನಾನೂ ಹಿಂದೆ ಕೂತು ತಲೆ ಹಿಡಿದುಕೊಂಡು ಹೋಗಿದ್ದೀನಿ. ನರ್ಸಿಂಗ್ ಓದೋ ಆಸೆ ಅಲ್ಲೇ ಹುಟ್ಟಿದ್ದು. ಅಪ್ಪ ವಾಪಸ್ ಬಂದು ಗೇಟಿನ ಹತ್ತಿರ ವ್ಯಾನ್ ಸದ್ದು ಕೇಳಿಸೋ ತನಕ ಅಮ್ಮ ನಿದ್ದೆ ಮಾಡುತ್ತಿರಲಿಲ್ಲ. ವರ್ಷಾನುಗಟ್ಟಲೆ ಹಾಗೇ.

ಮಾರೋದಕ್ಕೆ ಮುಂಚೆ ಬ್ಯಾಟರಿ ಇಳಿದು ಹೋಗದಿರಲಿ ಅಂತ ಒಂದು ಬೆಳಿಗ್ಗೆ ಮನೆಯವರು ಗಾಡಿ ಸ್ಟಾರ್ಟ್ ಮಾಡಿದರು. ಅಮ್ಮ ರೂಮಿನಿಂದ ಎದ್ದು ಗ್ಯಾರೇಜಿಗೇ ಬಂದುಬಿಟ್ಟರು. ಒಂದು ಸುತ್ತು ಹಾಕಿ ನೋಡಿದರು. ಎಡಗಡೆ ಬಾಗಿಲು ತೆಗೆದು ಕೂತರು. ಸ್ವಲ್ಪ ಹೊತ್ತಾದ ಮೇಲೆ, "ಸೀಟು ಬಿಸಿ ಆಗ್ತಿದೆ ಕಣೇ, ಇದು ನಮ್ಮ ವ್ಯಾನೇ" ಅಂದರು.

ಅವರು ಹೇಳಿದ್ದು ಪೂರ್ತಿ ತಪ್ಪೇನಲ್ಲ. 1984ರಲ್ಲಿ ಬಂದ ಮಾರುತಿ ವ್ಯಾನ್, ಆಮೇಲೆ ಓಮ್ನಿ ಅಂತ ಹೆಸರಾಗಿ 2019ರ ತನಕ ಬಂತಲ್ಲ, ಅದು ಆಗಿನ ಸುಜುಕಿ ಕ್ಯಾರಿಯ ಮೈಕಟ್ಟೇ. ಅದಕ್ಕೆ 796 ಸಿಸಿ, ಮೂರು ಸಿಲಿಂಡರ್. ಇದಕ್ಕೆ 657 ಸಿಸಿ, ಇದೂ ಮೂರು ಸಿಲಿಂಡರ್. ಎರಡರಲ್ಲೂ ಎಂಜಿನ್ ಕೂರೋದು ಮುಂದಿನ ಸೀಟಿನ ಕೆಳಗೆ. ದೂರ ಹೋದರೆ ತೊಡೆ ಕೆಳಗೆ ಬೆಚ್ಚಗಾಗುತ್ತೆ. ಆ ಸದ್ದೂ ಅದೇ ಥರ, ಸ್ವಲ್ಪ ತೊದಲಿದ ಹಾಗೆ.

ಅವತ್ತು ಫೋಟೋ ಡಿಲೀಟ್ ಮಾಡಿದೆವು.

ಎರಡನೇ ಗೂಡು ಕಟ್ಟುವಾಗ ತಕ್ಕಡಿ ನನ್ನ ಕೈಗೆ ಬಂತು. ಐಸಿಯುನಲ್ಲಿ ಕೆಲಸ ಮಾಡೋರಿಗೆ ಲೆಕ್ಕ ರಕ್ತದಲ್ಲಿರುತ್ತೆ, ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಅಂತ. ಲಗೇಜ್ ತೂಗೋ ಕೊಕ್ಕೆ ತಕ್ಕಡಿ ತಗೊಂಡು ಒಂದೊಂದು ಹಲಗೆ, ಒಂದೊಂದು ಹಿಡಿ ಸ್ಕ್ರೂ ಕೂಡ ತೂಗಿ ಬರೆದೆ. ಜಪಾನಿನವರು ಇದನ್ನ ಹೇಗೆ ಮಾಡ್ತಾರೆ ಅಂತ ನೋಡಿದೆವು. ಅವರು ಗೂಡನ್ನ ಗಾಡಿಗೆ ಬೆಸೆಯೋದಿಲ್ಲ. ಅಲ್ಲಿ ಬಿಚ್ಚಿ ಇಳಿಸೋ ಹಾಗಿದ್ದರೆ ಅದು ಬರೀ ಸಾಮಾನಿನ ಲೆಕ್ಕ, ಗಾಡಿಯ ದಾಖಲೆ ಬದಲಾಯಿಸಬೇಕಿಲ್ಲ. ನಾವೂ ಅದನ್ನೇ ಹಿಡಿದೆವು. ನಾಲ್ಕು ಮೂಲೆಗೆ ಕೊಕ್ಕೆ, ಬಿಗಿಯೋ ಪಟ್ಟಿ. ಎತ್ತರವನ್ನ ಗ್ಯಾರೇಜ್ ಬಾಗಿಲೇ ತೀರ್ಮಾನಿಸಿತು. ಅದು ಏಳಡಿ, ಗಾಡಿ ಗೂಡು ಸೇರಿ ಎರಡು ಮೀಟರಿಗೆ ಮೀರದ ಹಾಗೆ ಮಾಡಿದೆವು. ಒಳಗೆ ಕೂರಬಹುದು, ನಿಲ್ಲೋ ಹಾಗಿಲ್ಲ. ಮಲಗೋ ಜಾಗ ಆರಡಿಗೆ ಸ್ವಲ್ಪ ಮೇಲೆ ಉದ್ದ, ನಾಲ್ಕಡಿ ಚಿಲ್ಲರೆ ಅಗಲ. ಸಂಘದವರು ಆಮೇಲೆ ತುಟಿ ಬಿಚ್ಚಲಿಲ್ಲ. ಗ್ಯಾರೇಜಿನೊಳಗೆ ಏನಿದೆ ಅಂತ ಯಾರಿಗೆ ಗೊತ್ತು?

ಗೋಡೆಗೆ ಪ್ಲೈವುಡ್ ಬಿಟ್ಟು ಗಟ್ಟಿ ಫೋಮ್ ಹಲಗೆ ತಂದೆವು. ಥರ್ಮಾಕೋಲಿನ ಅಣ್ಣ ಅಂತ ಇಟ್ಕೊಳ್ಳಿ. ಒಂದೂವರೆ ಇಂಚು ದಪ್ಪ, ಒಂದೇ ಕೈಲಿ ಎತ್ತಬಹುದು. ಅಂಚುಗಳಿಗೆ ಮಾತ್ರ ತೆಳ್ಳಗಿನ ಮರದ ಪಟ್ಟಿ. ಯಾರಾದರೂ ಮಾಡೋರಿದ್ದರೆ ಒಂದು ಮಾತು, ಸಾಲ್ವೆಂಟ್ ಇರೋ ಅಂಟು ಹಾಕಬೇಡಿ. ಫೋಮ್ ಕರಗಿ ಗುಂಡಿ ಬೀಳುತ್ತೆ. ನಾವು ಒಂದು ಮೂಲೆ ಹಾಗೇ ಕಳಕೊಂಡೆವು. ಆ ಫೋಮಿಗೆ ಒಳಗೂ ಹೊರಗೂ ಹತ್ತಿ ಬಟ್ಟೆ ಹೊದಿಸಿ, ನೀರು ಬೆರೆಸಿದ ಮರದ ಅಂಟು ಬಳಿದು, ಒಣಗಿದ ಮೇಲೆ ಹೊರಗೋಡೆಯ ಪೇಂಟು ನಾಲ್ಕು ಕೋಟ್ ಹೊಡೀಬೇಕು. ಒಣಗಿದರೆ ಚಿಪ್ಪಿನ ಹಾಗೆ ಗಟ್ಟಿ.

ಈ ಕೆಲಸ ನಂಗೆ ಬಂತು! ಬಿಎಸ್ಸಿ ಓದುವಾಗ ಆರ್ಥೋ ವಾರ್ಡಿನಲ್ಲಿ ಮುರಿದ ಕೈಗೆ ಪಿಒಪಿ ಪಟ್ಟಿ ಹಾಕಿದ ಹಾಗೇ. ಬಟ್ಟೆ ನೆನೆಸು, ಹಾಸು, ಅಂಗೈಯಿಂದ ತೀಡು, ಸುಕ್ಕು ಬರಬಾರದು, ಬೆರಳ ತುದಿ ಒತ್ತಬಾರದು, ಗಾಳಿ ಒಳಗೆ ಉಳೀಬಾರದು. ಅಮ್ಮ ಮೊದಲು ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಎರಡನೇ ದಿನ ಬಕೆಟ್ ತೆಗೆದುಕೊಂಡು ತಾವೇ ಅಂಟು ಕಲಸಿದರು. "ಇದು ದೋಸೆ ಹಿಟ್ಟಿಗಿಂತ ತೆಳ್ಳಗಿರಬೇಕು ಅಳಿಯಂದ್ರೆ, ನೀವು ಗಟ್ಟಿ ಮಾಡ್ತಿದ್ದೀರಿ" ಅಂತ ಮನೆಯವರಿಗೆ ಪಾಠ. ನಾನು ನೈಟ್ ಮುಗಿಸಿ ಬರೋ ಹೊತ್ತಿಗೆ ಇಬ್ಬರೂ ಗ್ಯಾರೇಜಿನಲ್ಲಿ ಇರುತ್ತಿದ್ದರು.

ಒಳಗಿನ ಸೂರಿಗೆ ಬರೋ ಹೊತ್ತಿಗೆ ಬಟ್ಟೆ ಸಾಲಲಿಲ್ಲ. ಅಂಗಡಿಗೆ ಹೋಗಿ ಬರ್ತೀನಿ ಅಂದೆ. ಅಮ್ಮ ಮೇಲೆ ಹೋಗಿ ಸೂಟ್‌ಕೇಸಿನಿಂದ ಒಂದು ಪಂಚೆ ತಂದರು. ಅಪ್ಪನದು. ಅಂಚಿಗೆ ಹಸಿರು, ಕೆಂಪು ಗೆರೆ ಇರೋದು, ಒಗೆದು ಒಗೆದು ಮೆತ್ತಗಾಗಿದ್ದು. ಎರಡು ತಂದಿದ್ದರಂತೆ, ನಂಗೆ ಗೊತ್ತೇ ಇರಲಿಲ್ಲ. "ಇದು ಬೇಡಮ್ಮ" ಅಂದೆ. "ಹತ್ತಿ ಬಟ್ಟೆ ಬೇಕು ಅಂದೆ ತಾನೆ? ಇದಕ್ಕಿಂತ ಹತ್ತಿ ಯಾವುದು ಸಿಗುತ್ತೆ ನಿಂಗೆ?" ಅಂದರು. ಕತ್ತರಿ ಹಿಡಿದು ಅಳತೆಗೆ ಅವರೇ ಕತ್ತರಿಸಿದರು. ನನ್ನ ಕೈ ಓಡಲಿಲ್ಲ, ನಿಜ ಹೇಳ್ತೀನಿ. ಅಂಟು ಬಳಿಯುವಾಗ ಆತುರ ಮಾಡಿದೆ. ಒಣಗಿದ ಮೇಲೆ ಗೆರೆ ಹಾಗೇ ಕಾಣುತ್ತಿತ್ತು. ಸೂರಿಗೆ ಮಾತ್ರ ಪೇಂಟ್ ಹೊಡೆಯಲಿಲ್ಲ.

ತೂಕದ ಲೆಕ್ಕ ಕೇಳಿದವರಿಗೆ: ಗೂಡು 92 ಕೆ.ಜಿ, ಮಂಚದ ಹಲಗೆ ಮತ್ತು ಹಾಸಿಗೆ 26, ಬ್ಯಾಟರಿ 11, ಸೋಲಾರ್ ಪ್ಯಾನಲ್ 7, ನೀರು 20, ಹೊದಿಕೆ, ಪಾತ್ರೆ, ಬಟ್ಟೆ 30. ಒಟ್ಟು 186. ಅದರ ಮೇಲೆ ಮಲಗಲು ನಾನು 62, ಅಮ್ಮ 54. ಎಲ್ಲ ಸೇರಿ 302. ಐದು ಮೂಟೆಗೆ ಇನ್ನೂ 48 ಕೆ.ಜಿ. ಕಡಿಮೆ. ಅಮ್ಮ ಸೂಟ್‌ಕೇಸ್ ಇಡೋಣ ಅಂದರು, ನಾನು ಬಿಡಲಿಲ್ಲ.

ಒಲೆ ವಿಷಯಕ್ಕೆ ನಮ್ಮಿಬ್ಬರಿಗೆ ಜೋರು ಜಗಳವೇ ಆಯ್ತು. ಮನೆಯವರಿಗೆ ಒಳಗೊಂದು ಸಣ್ಣ ಗ್ಯಾಸ್ ಒಲೆ ಬೇಕಿತ್ತು, ಚಳಿಯಲ್ಲಿ ಟೀ ಮಾಡೋಕೆ. ನಾನು ಗೂಡಿನೊಳಗೆ ಬೆಂಕಿ ಬೇಡವೇ ಬೇಡ ಅಂದೆ. ಫೋಮ್ ಹೊತ್ತಿದರೆ ನಿಲ್ಲಲ್ಲ. ಅದಕ್ಕಿಂತ ದೊಡ್ಡ ಭಯ ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಬೆರಳಿಗೆ ಹಾಕೋ ಪಲ್ಸ್ ಆಕ್ಸಿಮೀಟರ್ ಇದೆಯಲ್ಲ, ಕೋವಿಡ್ ಕಾಲದಲ್ಲಿ ಎಲ್ಲರೂ ಕೊಂಡಿದ್ದು, ಅದಕ್ಕೆ ಇದರ ವ್ಯತ್ಯಾಸ ತಿಳಿಯಲ್ಲ. ಮನುಷ್ಯ ಸಾಯ್ತಿದ್ದರೂ 98 ಅಂತ ತೋರಿಸಬಹುದು. ಮೊದಲು ತಲೆನೋವು, ವಾಕರಿಕೆ, ಮಂಪರು. ಮಲಗಿದವರಿಗೆ ಅದೂ ಗೊತ್ತಾಗಲ್ಲ. ಊರಲ್ಲಿರೋರಿಗೂ ಇದನ್ನೇ ಹೇಳ್ತೀನಿ, ಬಾಗಿಲು ಕಿಟಕಿ ಮುಚ್ಚಿದ ರೂಮಲ್ಲಿ ಕೆಂಡ ಇಟ್ಟು ಮಲಗಬೇಡಿ. ಕಾರಿನಲ್ಲಿ ಎಂಜಿನ್ ಆನ್ ಇಟ್ಟು ನಿದ್ದೆ ಹೋಗಬೇಡಿ. ಬಾಣಂತಿ ಕೋಣೆಗೂ ಇದೇ ಮಾತು. ನಮ್ಮ ಗೂಡಿಗೆ ಕೆಳಗೊಂದು, ಮೇಲೊಂದು ಗಾಳಿ ಕಿಂಡಿ, ತಲೆ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಅಲಾರಂ. ಅಡುಗೆ ಏನಿದ್ದರೂ ಹೊರಗೆ ಮೇಜಿನ ಮೇಲೆ. ಜಗಳ ನಾನು ಗೆದ್ದೆ.

ಅಕ್ಟೋಬರಿನಲ್ಲಿ ಶೆನಂಡೋವಾ ಬೆಟ್ಟಕ್ಕೆ ಹೊರಟೆವು. ಗಾಡಿಗೆ ವರ್ಜೀನಿಯಾದ ಆಂಟಿಕ್ ನಂಬರ್ ಪ್ಲೇಟ್ ಇದೆ. ಅದರಲ್ಲಿ ಕೆಲಸಕ್ಕೆ ಓಡಾಡೋ ಹಾಗಿಲ್ಲ, ಆಗೊಮ್ಮೆ ಈಗೊಮ್ಮೆ ಸಂತೋಷಕ್ಕೆ ಮನೆಯಿಂದ 250 ಮೈಲಿಯೊಳಗೆ ಹೋಗಬಹುದು. (ಅಟ್ಲಾಂಟಾ, ಶಾರ್ಲೆಟ್ ಕಡೆ ಇರೋ ಗೆಳತಿಯರೇ, ರಾಜ್ಯಕ್ಕೊಂದು ನಿಯಮ, ಕೊಳ್ಳೋಕೆ ಮುಂಚೆ ನಿಮ್ಮಲ್ಲಿ ರಿಜಿಸ್ಟರ್ ಆಗುತ್ತಾ ಕೇಳಿ.) ಸೀಟು ಎರಡೇ. ನಾನು ಓಡಿಸಿದೆ, ಅಮ್ಮ ಪಕ್ಕದಲ್ಲಿ. ಮನೆಯವರು ಹಿಂದೆ ಕಾರಿನಲ್ಲಿ. ಬಲಗಡೆ ಸ್ಟೇರಿಂಗ್, ಎಡಗೈಗೆ ಗೇರು, ಅಪ್ಪ ಬಿ.ಎಚ್. ರಸ್ತೆಯಲ್ಲಿ ಬೈದು ಕಲಿಸಿದ್ದು ಇಲ್ಲಿ ಕೆಲಸಕ್ಕೆ ಬಂತು. ಆದರೆ ರಸ್ತೆ ಇಲ್ಲಿನದು, ಎದುರಿನ ಗಾಡಿಗಳೆಲ್ಲ ಅಮ್ಮನ ಪಕ್ಕದಲ್ಲೇ ಬುರ್ ಅಂತ ಹೋಗುತ್ತವೆ. ಮಿಡಲ್‌ಬರ್ಗ್ ದಾಟೋ ತನಕ ಅಮ್ಮ ರಾಮ ರಾಮ ಅಂತಲೇ ಇದ್ದರು. ಡ್ರೈವರ್ ಕೂರಬೇಕಾದ ಕಡೆ ಸೀರೆ ಉಟ್ಟ ಅಜ್ಜಿ, ಕೈಯಲ್ಲಿ ಸ್ಟೇರಿಂಗ್ ಇಲ್ಲ. ಎದುರು ಬರೋರ ಮುಖ ನೋಡಬೇಕಿತ್ತು.

ದೊಡ್ಡ ಹೆದ್ದಾರಿ ಬಿಟ್ಟು ರೂಟ್ 50ರಲ್ಲೇ ಅಪ್ಪರ್‌ವಿಲ್, ಪ್ಯಾರಿಸ್ (ಹೌದು, ಇಲ್ಲೊಂದು ಪ್ಯಾರಿಸ್ ಹಳ್ಳಿ ಇದೆ), ಆಮೇಲೆ ಒಳರಸ್ತೆಯಲ್ಲಿ ಫ್ರಂಟ್ ರಾಯಲ್. 45 ಮೈಲಿ ವೇಗಕ್ಕೆ ಗಾಡಿ ಸುಖವಾಗಿರುತ್ತೆ, 55ಕ್ಕೆ ಕಿರುಚುತ್ತೆ. ಸ್ಕೈಲೈನ್ ಡ್ರೈವ್‌ಗೆ ಬಂದ ಮೇಲೆ ಚಿಂತೆ ಇಲ್ಲ. 105 ಮೈಲಿ ಉದ್ದದ ಬೆಟ್ಟದ ನೆತ್ತಿಯ ರಸ್ತೆ, ಯಾರೂ 35 ಮೈಲಿ ಮೀರೋ ಹಾಗಿಲ್ಲ. ನಮ್ಮ ಗಾಡಿಗೆ ಅಂತಲೇ ಹಾಕಿದ ನಿಯಮ. ಪಾರ್ಕಿನ ಬಾಗಿಲಲ್ಲಿ ರೇಂಜರ್ ಕಿಟಕಿ ಇರೋದು ಎಡಕ್ಕೆ. ಪಾಸ್ ಅಮ್ಮನೇ ಕೊಟ್ಟು "ನಮಸ್ಕಾರ" ಅಂದರು. ಆ ಹುಡುಗಿ ನಗುತ್ತಾ ಅಮ್ಮನ್ನೇ ಕೇಳಿದಳು, ಗಾಡಿ ಯಾವುದು ಅಂತ. ಅಮ್ಮ ಹಿಂದೆ ಮುಂದೆ ನೋಡದೆ "ಮಾರುತಿ" ಅಂದರು.

ಏರಿನಲ್ಲಿ ಎರಡು, ಮೂರನೇ ಗೇರಿನಲ್ಲೇ ಹತ್ತಿತು. ಎರಡು ಸಲ ನಿಲ್ಲಿಸಿ ಬ್ರೇಕ್ ಮುಟ್ಟಿ ನೋಡಿದೆವು, ವಾಸನೆ ಇಲ್ಲ. ಮೇರೀಸ್ ರಾಕ್ ಸುರಂಗದಲ್ಲಿ ಅಮ್ಮ ನನ್ನ ಕೈ ಹಿಡಿದುಕೊಂಡರು. ಸಂಜೆಗೆ 51ನೇ ಮೈಲಿಯ ಬಿಗ್ ಮೆಡೋಸ್. ಕೆಮ್ಮಣ್ಣುಗುಂಡಿಯಷ್ಟು ಎತ್ತರ ಇಲ್ಲ, ಆದರೆ ಚಳಿ ಅದರಪ್ಪ. ಹುಲ್ಲುಗಾವಲಿನಲ್ಲಿ ಜಿಂಕೆ. ಕರಡಿ ಇರೋದರಿಂದ ತಿನ್ನೋ ಪದಾರ್ಥ ಯಾವುದೂ ಹೊರಗೆ ಬಿಡೋ ಹಾಗಿಲ್ಲ, ಎಲ್ಲ ಕಾರಿನ ಡಿಕ್ಕಿಗೆ ಹಾಕಿ ಬೀಗ. ಚಿತ್ರಾನ್ನ ಬಿಸಿ ಮಾಡಿ ತಿಂದೆವು. ಮನೆಯವರು ಪಕ್ಕದಲ್ಲಿ ಟೆಂಟ್ ಹಾಕಿ ಮಲಗಿದರು, ಗೂಡು ಕಟ್ಟಿದವರಿಗೇ ಗೂಡಿನಲ್ಲಿ ಜಾಗ ಇಲ್ಲ.

ನಾನು ನೈಟ್ ಡ್ಯೂಟಿಯವಳು, ರಾತ್ರಿ ನಿದ್ದೆ ಬರೋದೇ ಇಲ್ಲ. ಒಂದು ಗಂಟೆಗೆ ಎಚ್ಚರ ಆಯ್ತು. ಅಮ್ಮ ಮಲಗಿದ್ದರು. ಮೂರಕ್ಕೆ ನೋಡಿದೆ, ಮಲಗಿದ್ದರು. ಅಭ್ಯಾಸ ಬಲ ನೋಡಿ, ಕತ್ತಲಲ್ಲಿ ವಾಚಿನ ಬೆಳಕಿಟ್ಟು ಅವರ ಉಸಿರು ಎಣಿಸಿದೆ. ನಿಮಿಷಕ್ಕೆ ಹದಿನಾಲ್ಕು. ಐದಕ್ಕೂ ಹಾಗೇ.

ಬೆಳಗಾದಾಗ ಸೂರಿನ ಅಂಚಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಮನುಷ್ಯರ ಉಸಿರಿನಲ್ಲೇ ದಿನಕ್ಕೆ 300–400 ಎಂ.ಎಲ್. ನೀರು ಹೋಗುತ್ತೆ, ಇಬ್ಬರದ್ದೂ ಅಲ್ಲೇ ಸೇರಿತ್ತು. ಚಳಿಗೆ ಹೆದರಿ ಮೇಲಿನ ಕಿಂಡಿಯನ್ನ ಅರ್ಧ ಮುಚ್ಚಿದ್ದೆ, ಅದು ತಪ್ಪು. ಇನ್ನು ಮುಚ್ಚಲ್ಲ. ಒರೆಸೋಣ ಅಂತ ಬಟ್ಟೆ ಹುಡುಕುತ್ತಿದ್ದೆ. ಅಮ್ಮ ಕಣ್ಣು ಬಿಟ್ಟು ಮಲಗಿದಲ್ಲೇ ಕೈ ಮೇಲೆತ್ತಿ ಪಂಚೆಯ ಗೆರೆ ಉದ್ದಕ್ಕೂ ಬೆರಳು ಎಳೆದರು. ಒಂದು ಕಡೆ ನಿಲ್ಲಿಸಿ ಒತ್ತಿ ನೋಡಿದರು.

"ಇಲ್ಲಿ ಗಾಳಿ ಗುಳ್ಳೆ ಉಳಿದಿದೆ ನೋಡು. ನೀನು ಸರಿಯಾಗಿ ತೀಡಿಲ್ಲ."